ಕೈರೋ ನಗರದ ಧಾನ್ಯದ ಧಾರಣೆಯೂ ಮುಹ್ತಸಿಬನ ಅಧಿಕಾರವೂ

ಮದೀನಾ ಪಟ್ಟಣದಲ್ಲಿ ಒಮ್ಮೆ ಧಾರಣೆಯು ಏರಲಾಗಿ ಜನರು ಪೈಗಂಬರರ ಬಳಿಗೆ ಬಂದು ಬೆಲೆಯನ್ನು ಕಟ್ಟುಮಾಡಬೇಕೆಂದು ಬೇಡಿದರೆಂದೂ, ಬೆಲೆಯನ್ನು ಗೊತ್ತುಮಾಡುವವನು ದೇವರೆಂದು ಹೇಳಿ ಅವರು ಅದಕ್ಕೆ ಒಡಂಬಡಲಿಲ್ಲವೆಂದೂ ಹದೀಸ್ ಸಂಗ್ರಹಗಳಿಂದ ತಿಳಿದುಬರುತ್ತದೆ. ಪರರ ಸ್ವತ್ತಿನ ವಿಷಯದಲ್ಲಿ ಅನ್ಯಾಯಮಾಡಿದ ದೋಷವು ತಮಗೆ ತಗುಲಬಾರದೆಂಬುದು ಅವರ ಆಶಯ. ಧರ್ಮಶಾಸ್ತ್ರಜ್ಞರಲ್ಲಿ ಅನೇಕರು ಈ ಪ್ರಸಂಗವನ್ನೇ ಆಧಾರವಾಗಿಟ್ಟುಕೊಂಡು ಬೆಲೆ ಕಟ್ಟುವುದನ್ನು ನಿಷೇಧಿಸಿದರು. ಆದರೆ ಹಸಿದ ಪಟ್ಟಣವನ್ನು ಆಳುವವರಿಗೆ ಈ ನಿಷೇಧವೊಂದರಿಂದಲೇ ಕೆಲಸವು ಸಾಗುವಂತಿರಲಿಲ್ಲ.

ಡಮಾಸ್ಕಸ್ಸಿನ ಇಬ್ನ್ ತೈಮಿಯ್ಯಾ (1263–1328) ಹಿಸ್ಬಾ ಎಂಬ ಪೇಟೆಯ ಮೇಲ್ವಿಚಾರಣೆಯನ್ನು ಕುರಿತ ತನ್ನ ಗ್ರಂಥದಲ್ಲಿ ಈ ತೊಡಕನ್ನು ಬಿಡಿಸಲು ಯತ್ನಿಸಿದನು. ಸರಕು ಕಡಮೆಯಾಗಿಯೋ ಕೊಳ್ಳುವವರು ಹೆಚ್ಚಿಯೋ ತುಟ್ಟಿಯಾದಲ್ಲಿ ವರ್ತಕನನ್ನು ನಿರ್ಬಂಧಪಡಿಸುವುದು ಅನ್ಯಾಯ. ಜನರಿಗೆ ಅವಶ್ಯವಾದುದನ್ನು ಅವನು ಕೂಡಿಟ್ಟು ಬೆಲೆಯೇರಿಸಿದಲ್ಲಿ ಸರಿಬೆಲೆಗೆ ಮಾರುವಂತೆ ಬಲಾತ್ಕರಿಸುವುದು ನ್ಯಾಯ. ಒಂದೇ ಆಜ್ಞೆಯು ಕಾರಣಭೇದದಿಂದ ನ್ಯಾಯವೂ ಅನ್ಯಾಯವೂ ಆಗಬಹುದೆಂಬ ಈ ವಿವೇಚನೆಯು ಸೂಕ್ಷ್ಮವಾದುದು. ಆದರೆ ಪೇಟೆಯಲ್ಲಿ ನಿಂತು ಆ ಕಾರಣವನ್ನು ಗೊತ್ತುಮಾಡತಕ್ಕವರು ಯಾರು?

ಆ ಹೊಣೆಯು ಮುಹ್ತಸಿಬನದು. ತೂಕ ಅಳತೆಗಳನ್ನು ಪರೀಕ್ಷಿಸುವುದು, ರೊಟ್ಟಿಯ ತೂಕದಲ್ಲಿ ಮೋಸಮಾಡಿದವನನ್ನು ದಂಡಿಸುವುದು ಮೊದಲಾದುವು ಅವನ ನಿತ್ಯದ ಕೆಲಸಗಳು. ಮಾಮ್ಲೂಕರ ಕೈರೋದಲ್ಲಿಯಾದರೋ ಜಹಗೀರುಗಳಿಂದ ಬರುವ ಧಾನ್ಯವು ಅಮೀರರ ಕಣಜಗಳನ್ನು ಸೇರುತ್ತಿದ್ದಿತು. ದೊಡ್ಡ ಧಾನ್ಯವ್ಯಾಪಾರಿಗಳು ಆಳುವವರೇ. ರೊಟ್ಟಿ ಸುಡುವವನ ಬೆನ್ನಿಗೆ ಎಟುಕುತ್ತಿದ್ದ ಮುಹ್ತಸಿಬನ ಚಾವಟಿಯು ಆ ಕಣಜಗಳ ಬಾಗಿಲಿಗೆ ಎಟುಕುತ್ತಿರಲಿಲ್ಲ. ಅದಕ್ಕೆ ಸುಲ್ತಾನನೇ ಬೇಕಾಗಿದ್ದನು. 1264ರ ಅಭಾವದಲ್ಲಿ ಬೈಬರ್ಸನು ನಗರದ ಬಡವರನ್ನು ಅಮೀರರಿಗೆ ಹಂಚಿಕೊಟ್ಟು ಪೋಷಿಸುವಂತೆ ವಿಧಿಸಿದನು.

1399ರಲ್ಲಿ ಕೈರೋದ ಮುಹ್ತಸಿಬನಾಗಿ ನೇಮಕಗೊಂಡ ಇತಿಹಾಸಕಾರ ಅಲ್-ಮಕ್ರೀಜಿಯು (1364–1442) ಈ ಮಿತಿಯನ್ನು ಸ್ವತಃ ಕಂಡವನು. ಅದೇ ವರ್ಷ ಆ ಪದವಿಯು ಅವನ ಕೈತಪ್ಪಿ ಅಲ್-ಐನೀ ಎಂಬ ಮತ್ತೊಬ್ಬ ಇತಿಹಾಸಕಾರನಿಗೆ ಹೋಯಿತು. 1403ರ ಸುಮಾರಿಗೆ ನೈಲ್ ನದಿಯ ನೆರೆಯು ಸಾಲದೆ ಹೋಗಿ ಘೋರಕ್ಷಾಮವು ತಲೆದೋರಿತು. 1405ರಲ್ಲಿ ಮಕ್ರೀಜಿಯು ಬರೆದ ‘ಇಗಾಸತ್ ಅಲ್-ಉಮ್ಮಾ’ ಎಂಬ ಕಿರುಗ್ರಂಥವು ಕೇವಲ ವರ್ತಕನನ್ನು ದೂರುವುದಿಲ್ಲ. ಲಂಚವಿತ್ತು ಅಧಿಕಾರವನ್ನು ಪಡೆಯುವುದು, ಜಮೀನಿನ ಗುತ್ತಿಗೆಯ ಏರಿಕೆ, ಫುಲೂಸ್ ಎಂಬ ತಾಮ್ರನಾಣ್ಯದ ವಿಪರೀತ ಚಲಾವಣೆ—ಈ ಮೂರರಲ್ಲಿ ಅವನು ಅನರ್ಥದ ಮೂಲವನ್ನು ಕಾಣುತ್ತಾನೆ. ಪದವಿಯನ್ನು ಸಾಲಮಾಡಿ ಕೊಂಡವನು ಆ ಸಾಲವನ್ನು ರೈತನಿಂದ ಸುಲಿದೇ ತೀರಿಸಬೇಕು. ಸುಲಿಗೆಗೆ ಒಳಗಾದ ರೈತನು ಹೊಲವನ್ನು ಬಿಟ್ಟು ಹೋಗುವನು. ಬಂಗಾರ ಬೆಳ್ಳಿಗಳಿಂದ ಎಣಿಸಿದರೆ ಬೆಲೆಯು ಹೆಚ್ಚೇನೂ ಏರಿಲ್ಲ, ತಾಮ್ರದಿಂದ ಎಣಿಸಿದರೆ ಮಾತ್ರ ಏರಿದೆಯೆಂಬುದು ಅವನ ವಾದದ ತಿರುಳು.

ಈ ವಾದವು ಪೂರ್ತಿಯಾಗಿ ನಿಲ್ಲತಕ್ಕುದಲ್ಲ. 1348ರಿಂದ ಮತ್ತೆ ಮತ್ತೆ ಬಂದ ಮಹಾಮಾರಿಯಿಂದ ಹಳ್ಳಿಗಳು ಬರಿದಾದುದಕ್ಕೆ ಅವನು ತಕ್ಕ ಬೆಲೆ ಕೊಟ್ಟಿಲ್ಲ. ಅಧಿಕಾರ ತಪ್ಪಿದವನ ಕಹಿಯೂ ಬರಹದಲ್ಲಿ ಅಲ್ಲಲ್ಲಿ ಸೇರಿರಬಹುದು. ಆದರೂ ಇಬ್ನ್ ತೈಮಿಯ್ಯಾ ಅಂಗಡಿಯಲ್ಲಿ ಹುಡುಕಿದ ಕಾರಣವನ್ನು ಮಕ್ರೀಜಿಯು ಟಂಕಸಾಲೆಯಲ್ಲಿಯೂ ಅರಮನೆಯಲ್ಲಿಯೂ ಹುಡುಕಿದನು. ಅವನ ಗ್ರಂಥದ ಬಳಿಕವೂ ತಾಮ್ರವೇ ಕೆಲಕಾಲ ನಡೆಯಿತು. ಸುಲ್ತಾನ್ ಅಲ್-ಮುಅಯ್ಯದ್ ಶೇಖನ ಕಾಲದಲ್ಲಿ (1412–1421) ಅವನ ಹೆಸರಿನ ಬೆಳ್ಳಿನಾಣ್ಯವು ಪೇಟೆಗೆ ಬಂದಿತು.