ಕುದುರೆ ತಲೆಬಾಗಿದ ಗಳಿಗೆ

ನನ್ನ ಬರೆಯುವ ಮೇಜಿನ ಎದುರಿಗೆ ಒಂದು ಚಿತ್ರ ತೂಗುತ್ತಿದೆ. ಹಳ್ಳಿಗಾಡಿನ ಮರದ ಸ್ಟೇಷನ್ನು. ಪಕ್ಕದಲ್ಲಿ ಹೊರೆ ಎಳೆಯಲು ಹೂಡಿದ ಮುದಿ ಬಿಳಿಗುದುರೆ. ಹೊಗೆಯುಗುಳುತ್ತ ಬರುತ್ತಿರುವ ಉಗಿಬಂಡಿ. ಕುದುರೆ ತಲೆ ತಗ್ಗಿಸಿದೆ. ಹಳೆಯದು ಹೊಸದಕ್ಕೆ ನಮಸ್ಕರಿಸಿತೆಂದು ಯಾರಾದರೂ ಹೇಳಿಯಾರು. ಆದರೆ ಚಿತ್ರ ತೆಗೆದ 1956ರಲ್ಲಿ ಆ ಎಂಜಿನ್ನಿಗೂ ಸುಮಾರು ಐವತ್ತು ವರ್ಷ. ಅದರ ದಿನಗಳೂ ಮುಗಿಯುತ್ತ ಬಂದಿದ್ದವು.

ಸ್ಥಳ, ಅಮೆರಿಕದ ವರ್ಜೀನಿಯಾದ ಗ್ರೀನ್ ಕೋವ್. ಅಬಿಂಗ್ಡನ್‌ನಿಂದ ನಾರ್ತ್ ಕೆರೊಲಿನಾದ ವೆಸ್ಟ್ ಜೆಫರ್ಸನ್‌ವರೆಗೆ ಸುಮಾರು 55 ಮೈಲಿಯ ಕವಲು ಮಾರ್ಗವದು. ಕಾಡಿನ ಮರವೇ ಅದರ ಮುಖ್ಯ ಜೀವನಾಧಾರ. ವೈಟ್‌ಟಾಪಿನ ಬಳಿ 3,577 ಅಡಿ ಎತ್ತರಕ್ಕೆ ಹತ್ತಬೇಕು. ವ್ಯಾಗನ್ನುಗಳ ಹಿಂದೆ ಪ್ರಯಾಣಿಕರ ಡಬ್ಬಿ ಕಟ್ಟಿಕೊಂಡು ಏದುಸಿರು ಬಿಡುತ್ತ ಸಾಗುವ ಗಾಡಿಯನ್ನು ಜನ ‘ವರ್ಜೀನಿಯಾ ಕ್ರೀಪರ್’ ಎಂದು ಕರೆದರು. ಅದು ಆ ಸೀಮೆಯ ಒಂದು ಬಳ್ಳಿಯ ಹೆಸರು. ತೆವಳುವುದೆಂಬ ಅರ್ಥವೂ ಅದರಲ್ಲಿದೆ.

ಚಿತ್ರಕಾರ ವಿನ್‌ಸ್ಟನ್ ಲಿಂಕ್, ನ್ಯೂಯಾರ್ಕಿನ ಜಾಹೀರಾತು ಛಾಯಾಗ್ರಾಹಕ. 1955ರ ಜನವರಿಯಿಂದ ಐದಾರು ವರ್ಷ, ಕೈಯಿಂದಲೇ ಹಣ ಹಾಕಿ, ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪೆನಿಯ ಕೊನೆಯ ಉಗಿಬಂಡಿಗಳನ್ನು ಹಿಂಬಾಲಿಸಿದ. ಮುಖ್ಯ ಮಾರ್ಗದಲ್ಲಿ ರಾತ್ರಿ, ಹತ್ತಾರು ಫ್ಲಾಷ್ ಬಲ್ಬುಗಳ ಬೆಳಕು. ಈ ಕವಲಿನಲ್ಲಿ ಗಾಡಿ ಓಡುತ್ತಿದ್ದುದು ಹಗಲಿನಲ್ಲಿ, ಸೂರ್ಯನೇ ಸಾಕು.

ಲಿಂಕ್ ಜನರನ್ನು ತನಗೆ ಬೇಕಾದಲ್ಲಿ ನಿಲ್ಲಿಸುತ್ತಿದ್ದ. ಬಯಲು ಸಿನಿಮಾದ ಪರದೆಯ ಮೇಲೆ ವಿಮಾನ ಹಾರುವ ಅವನ ಪ್ರಸಿದ್ಧ ಚಿತ್ರದಲ್ಲಿ ಆ ವಿಮಾನವನ್ನು ಬೇರೆ ನೆಗೆಟಿವಿನಿಂದ ಆಮೇಲೆ ಸೇರಿಸಿದ್ದು. ಇಂಥದನ್ನು ಇತಿಹಾಸವೆನ್ನಬಹುದೇ ಎಂದು ನಾನೂ ಬಹುಕಾಲ ಅನುಮಾನಪಟ್ಟೆ. ಈಗ ಆ ಅನುಮಾನ ಅರ್ಧ ಕರಗಿದೆ. ಸಾಗಿಸಿದ ಟನ್ನುಗಳ ಲೆಕ್ಕ ಕಂಪೆನಿಯ ಕಡತದಲ್ಲಿ ಸಿಕ್ಕೀತು; ಗಾಡಿಗಾಗಿ ಯಾರು ಕಾದಿದ್ದರು, ಹೇಗೆ ನಿಂತಿದ್ದರು ಎಂಬುದು ಅಲ್ಲಿ ಸಿಗಲಾರದು. ಬೆಳಕನ್ನು ಹೊಂದಿಸಿದವನು ಅವನು. ಎಂಜಿನ್ನನ್ನೂ ಸ್ಟೇಷನ್ನನ್ನೂ ಅವನು ಹುಟ್ಟಿಸಲಿಲ್ಲ.

1957ರಲ್ಲಿ ಅಲ್ಲಿಗೆ ಡೀಸೆಲ್ ಬಂತು. 1977ರಲ್ಲಿ ಕೊನೆಯ ಗಾಡಿ ಹೋಯಿತು. ಕಂಬಿ ಕಿತ್ತ ಮೇಲೆ 34 ಮೈಲಿ ಕಾಲುದಾರಿಯಾಯಿತು. 2024ರ ಹೆಲೀನ್ ಚಂಡಮಾರುತ ಅದರ ಸೇತುವೆಗಳನ್ನೂ ಕೊಚ್ಚಿತು. ಲಿಂಕ್ 2001ರಲ್ಲಿ ತೀರಿಕೊಂಡ. ರೋನೋಕಿನ ಹಳೆಯ ಸ್ಟೇಷನ್ನಿನಲ್ಲಿ 2004ರಿಂದ ಅವನ ಚಿತ್ರಗಳ ಸಂಗ್ರಹಾಲಯವಿದೆ.

ಈ ಚಿತ್ರ ನೋಡಿದಾಗಲೆಲ್ಲ ನನಗೆ ತಾಳಗುಪ್ಪದ ಮೀಟರ್‌ಗೇಜ್ ಗಾಡಿಯ ನೆನಪು. ಅದರಲ್ಲಿ ನಾನು ಪ್ರಯಾಣ ಮಾಡಿದ್ದೇನೆ; ಕೊರಳಲ್ಲಿ ಕ್ಯಾಮರಾವೂ ಇತ್ತು. ಜೋಗಕ್ಕೆ ಬೇಕೆಂದು ರೀಲನ್ನು ಜೋಪಾನವಾಗಿ ಉಳಿಸಿಕೊಂಡೆ.

ಜೋಗ ಇಂದಿಗೂ ಇದೆ. ಆ ಗಾಡಿ ಇಲ್ಲ.