ಗೌರಿ ಹುಣ್ಣಿಮೆ, ಸಕ್ಕರೆ ಆರತಿ ಮತ್ತು ಒಂದು ಚಿಟಿಕೆ ಪುಡಿ

ನಮ್ಮ ಕುಷ್ಟಗಿ ಕಡೆ ಗೌರಿ ಹುಣ್ಣಿಮೆ ಅಂದರೆ ಸಕ್ಕರೆ ಆರತಿ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆಯ ಜೊತೆ ಇದನ್ನೂ ಒಯ್ಯಬೇಕು. ಎರಡು ವರ್ಷದ ಹಿಂದೆ ಆ ಗಂಡು ನಾನೇ :) ಅಂಗಡಿಯದು ಬೇಡ, ಮನೆಯಲ್ಲೇ ಮಾಡೋಣ ಅಂತ ಅವ್ವ ಹಟ ಹಿಡಿದಳು. ಪಾಕದ ಉಸ್ತುವಾರಿ ನಾನು ವಹಿಸಿಕೊಂಡೆ. ಎಂಜಿನಿಯರಿಂಗ್ ಓದಿದ್ದು ಮತ್ಯಾಕೆ?

ಹಾಲು ಹಾಕಿ ಕೊಳೆ ತೆಗೆದೆ. ಎಳೆ ಪಾಕ ಬಂದ ಮೇಲೆ, ನೀರಲ್ಲಿ ನೆನೆಸಿಟ್ಟ ಮರದ ಅಚ್ಚುಗಳಿಗೆ ಸುರಿದೆ. ಗಾಜಿನಷ್ಟು ತಿಳಿ! ಆದರೆ ಎರಡು ತಾಸಾದರೂ ಅಂಟಂಟು.. ಅಚ್ಚು ಬಿಚ್ಚಿದರೆ ಆನೆಯ ಸೊಂಡಿಲು ನನ್ನ ಕೈಗೇ ಬಂತು. ಮರುದಿನವೇ ಬೀಗರ ಮನೆಗೆ ಹೋಗಬೇಕು. ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ತಿಕ್ಕಲಾರ್ದ ಹಂಗ ಸುರುವಿದಿ ಏನೋ ತಮ್ಮಾ?" ಅಂದಳು ಅಜ್ಜಿ. ಪಾಕವನ್ನು ಮತ್ತೆ ಕಾಯಿಸಿ, ಸ್ವಲ್ಪವನ್ನು ಸಣ್ಣ ಪಾತ್ರೆಗೆ ಹಾಕಿಕೊಂಡಳು. ಹಿಂದಿನ ವರ್ಷದ ಒಡೆದ ಆರತಿಯ ಪುಡಿ ಒಂದು ಚಿಟಿಕೆ ಉದುರಿಸಿ, ಕಟ್ಟಿಗೆಯಿಂದ ಗರಗರ ತಿಕ್ಕಿದಳು. ನೋಡನೋಡುತ್ತ ಪಾಕ ಬೆಳ್ಳಗಾಯಿತು. ಆನೆ, ತೇರು, ನವಿಲು ಎಲ್ಲ ಗಟ್ಟಿಯಾಗಿ ಬಂದವು.

ಆಗಿದ್ದೇನು? 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ನೂರು ಡಿಗ್ರಿಯಲ್ಲಾದರೆ ಹತ್ತಿರ ಹತ್ತಿರ 490 ಗ್ರಾಂ. ಪಾಕ ಆರಿದಾಗ ಹೆಚ್ಚಿನದು ಹೊರಬೀಳಬೇಕು. ಆದರೆ ಅಣುಗಳೆಲ್ಲ ಸಾಲಾಗಿ ನಿಂತು ಮೊದಲ ಹರಳು ಕಟ್ಟುವುದೇ ಕಷ್ಟ, ಅದೂ ದಪ್ಪ ಪಾಕದಲ್ಲಿ. ಅಲ್ಲಿಯವರೆಗೆ ಹೊರಲಾರದ ಭಾರ ಹೊತ್ತು ನಿಂತಿರುವುದೇ ಅತಿಪರ್ಯಾಪ್ತ ದ್ರಾವಣ.

ಯುರೋಪಿನಲ್ಲಿ ಇದನ್ನು ಮೊದಲು ಚೆನ್ನಾಗಿ ಗಮನಿಸಿದವನು 18ನೇ ಶತಮಾನದ ಕೊನೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಲೋವಿಟ್ಸ್. ಹರಳಿನ ಚೂರು ಹಾಕಿ ಹರಳು ಕಟ್ಟಿಸುವುದನ್ನೂ ಅವನು ತೋರಿಸಿದ. ಆಮೇಲೆ ಒಂದು ಒಗಟು ಎದ್ದಿತು. ಬಿಸಿ ನೀರಲ್ಲಿ ಗ್ಲೌಬರ್ ಉಪ್ಪು ಕರಗಿಸಿ ಸೀಸೆ ಮುಚ್ಚಿ ಆರಿಸಿದರೆ ಸುಮ್ಮನಿರುತ್ತದೆ. ಮುಚ್ಚಳ ತೆಗೆದರೆ ದಿಢೀರನೆ ಹರಳು! ಗಾಳಿಯೇ ಕಾರಣವೇ ಅಂತ ದಶಕಗಟ್ಟಲೆ ಚರ್ಚೆ ನಡೆಯಿತು. ಗಾಳಿಯಲ್ಲ, ಗಾಳಿಯ ಧೂಳಿನಲ್ಲಿರುವ ಅದೇ ಉಪ್ಪಿನ ಕಣ ಕಾರಣ ಎಂದು 1865ರಲ್ಲಿ ಫ್ರಾನ್ಸಿನ ಜೆರ್ನೇ ತೋರಿಸಿದ. 1897ರಲ್ಲಿ ಓಸ್ಟ್‌ವಾಲ್ಡ್ ಎರಡು ಸ್ಥಿತಿಗಳನ್ನು ಬೇರೆ ಮಾಡಿ ಹೆಸರಿಟ್ಟ: ಒಂದರಲ್ಲಿ ಹರಳು ತಾನಾಗಿ ಕಟ್ಟುತ್ತದೆ, ಇನ್ನೊಂದರಲ್ಲಿ ಕಣವೊಂದು ಸೋಕುವವರೆಗೆ ಕಾಯುತ್ತದೆ.

ಜೆರ್ನೇಯ ಧೂಳು, ಅಜ್ಜಿಯ ಚಿಟಿಕೆ ಪುಡಿ, ಎರಡೂ ಒಂದೇ ಕೆಲಸ ಮಾಡಿದ್ದು. ಅವನ ಹೆಸರು ಇತಿಹಾಸದಲ್ಲಿದೆ. ಅಡುಗೆಮನೆಯಲ್ಲಿ ಇದನ್ನು ಮೊದಲು ಕಂಡುಕೊಂಡ ಹೆಂಗಸಿನ ಹೆಸರು ಯಾರೂ ಬರೆದಿಡಲಿಲ್ಲ.

"ಇದು ನಮ್ಮ ಅತ್ತಿ ಕಲಿಸಿದ್ದು. ಒಡದದ್ದು ಚೆಲ್ಲಬ್ಯಾಡ, ಮುಂದಿನ ವರ್ಷಕ್ಕ ಬೇಕು" ಅಂದಿದ್ದಳು ಅಜ್ಜಿ. ಅಂದರೆ ಪ್ರತಿ ವರ್ಷದ ಆರತಿಗೆ ಹಿಂದಿನ ವರ್ಷದ್ದೇ ಬೀಜ! ಈಗ ಅವಳ ಕೈಗೆ ತಿಕ್ಕುವ ಶಕ್ತಿ ಇಲ್ಲ. ಈ ಸಲ ಊರಿಂದ ಬರುವಾಗ ಒಡೆದ ನವಿಲೊಂದನ್ನು ನನ್ನ ಹೆಂಡತಿ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಾಳೆ. ಬೆಂಗಳೂರಿನಲ್ಲಿ ತಿಕ್ಕುವ ಕೆಲಸ ನನ್ನದಂತೆ :)

ನಿಮ್ಮ ಮನೆಯಲ್ಲೂ ಹೀಗೆ ಪುಡಿ ಹಾಕುತ್ತಾರಾ? ಇದಕ್ಕೆ ಏನಾದರೂ ಹೆಸರಿದೆಯಾ? ಗೊತ್ತಿದ್ದರೆ ಹೇಳಿ.