ಗೊತ್ತಿರುವ ಕತೆಯ ಆತಂಕ: '24' ವಿಡಿಯೊ ಗೇಮ್ ಮತ್ತು ಮಧುಗಿರಿ ಸೀಮೆಯ ನಾಟಕ

ಕೊನೆ ತಿಳಿದುಬಿಟ್ಟರೆ ರೋಚಕ ಕತೆ ಸಪ್ಪೆಯಾಗುತ್ತದೆ ಎಂಬ ನಂಬಿಕೆಯಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುವ 'ಕುರುಕ್ಷೇತ್ರ' ನಾಟಕ ಇದನ್ನು ಒಪ್ಪುವುದಿಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆಂದು ಮಕ್ಕಳಿಗೂ ಗೊತ್ತು, ಆದರೂ ಗದಾಯುದ್ಧ ಮುಗಿಯುವವರೆಗೆ ಜನ ಏಳುವುದಿಲ್ಲ. ಶನಿಮಹಾತ್ಮನ ದೇವಸ್ಥಾನಕ್ಕೆ ಹೆಸರಾದ ಪಾವಗಡದ ಕಡೆಯವರಿಗೆ ಶನಿಯ ಕಾಟಕ್ಕೆ ಸಿಕ್ಕ ವಿಕ್ರಮರಾಜನ ಕಷ್ಟ ಕೊನೆಗೆ ತೀರುತ್ತದೆಂಬುದು ಹೊಸ ಸುದ್ದಿಯಲ್ಲ. ಕೊನೆ ಗೊತ್ತಿದ್ದೂ ಆತಂಕ ಹುಟ್ಟುವುದು ಹೇಗೆ ಎಂಬ ಪ್ರಶ್ನೆಯನ್ನು ಒಂದು ಅಮೆರಿಕನ್ ಧಾರಾವಾಹಿಯ ವಿಡಿಯೊ ಗೇಮ್‌ಗೆ ಕೇಳಿ ನೋಡುವುದು ಈ ಲೇಖನದ ಉದ್ದೇಶ.

'24' ಧಾರಾವಾಹಿ 2001ರ ನವೆಂಬರ್‌ನಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುರುವಾಯಿತು. ಸರಣಿಗೆ ಒಂದು ದಿನದ ಕತೆ, 24 ಕಂತು, ಕಂತಿಗೊಂದು ಗಂಟೆ. 2013ರಲ್ಲಿ ಅನಿಲ್ ಕಪೂರ್ ಇದನ್ನು ಹಿಂದಿಗೆ ತಂದರು. ಅದಕ್ಕೂ ಮೊದಲೇ, 2006ರಲ್ಲಿ, ಸೋನಿಯ ಕೇಂಬ್ರಿಜ್ ಸ್ಟುಡಿಯೊ ಪ್ಲೇಸ್ಟೇಷನ್ 2ಕ್ಕಾಗಿ '24: ದಿ ಗೇಮ್' ತಯಾರಿಸಿತ್ತು. ಇದರ ಕತೆ ಧಾರಾವಾಹಿಯ ಎರಡನೇ ಮತ್ತು ಮೂರನೇ ಸರಣಿಗಳ ನಡುವೆ ನಡೆಯುತ್ತದೆ. ಮೂರನೇ ಸರಣಿ ಆಗಲೇ ಪ್ರಸಾರವಾಗಿದ್ದರಿಂದ ಕಥಾನಾಯಕ ಜ್ಯಾಕ್ ಬಾವರ್ ಆಗಲಿ ಅವನ ಮಗಳು ಕಿಮ್ ಆಗಲಿ ಸಾಯುವುದಿಲ್ಲ ಎಂಬುದು ಆಡುವವನಿಗೆ ಮೊದಲೇ ಗೊತ್ತು. ಇದನ್ನೇ ಕೊರತೆ ಎನ್ನಬಹುದಿತ್ತು. ಕುರುಕ್ಷೇತ್ರ ನೋಡಿ ಬೆಳೆದವರು ಹಾಗೆನ್ನಲಾರರು.

ಗೇಮ್‌ನ ಬಲ ಅದರ ಮೈಕಟ್ಟಿನಲ್ಲಿದೆ. ಕೀಫರ್ ಸದರ್ಲೆಂಡ್ ಸೇರಿದಂತೆ ಧಾರಾವಾಹಿಯ ಮುಖ್ಯ ನಟರೇ ದನಿ ಕೊಟ್ಟಿದ್ದಾರೆ. ಸಂಗೀತ ಅಲ್ಲಿಯ ಶಾನ್ ಕ್ಯಾಲರಿಯವರದೇ. ತುಂಡು ತುಂಡಾಗಿ ಒಡೆದ ಪರದೆ, ಟಿಕ್ ಟಿಕ್ ಎನ್ನುವ ಗಡಿಯಾರ ಎಲ್ಲವೂ ಇವೆ. ನನಗೆ ಹೆಚ್ಚು ಹಿಡಿಸಿದ್ದು ವಿಚಾರಣೆಯ ಭಾಗ. ಶಂಕಿತನನ್ನು ಗದರಿಸಬೇಕೋ, ಪುಸಲಾಯಿಸಬೇಕೋ, ಸಮಾಧಾನಪಡಿಸಬೇಕೋ ಎಂದು ಆಡುವವನು ಕ್ಷಣಕ್ಷಣಕ್ಕೂ ತೀರ್ಮಾನಿಸಬೇಕು. ಜೋರು ಹೆಚ್ಚಾದರೂ ಕೆಲಸ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಧಾರಾವಾಹಿಯ ಆತಂಕವಿದ್ದದ್ದು ಗುಂಡಿನ ಸದ್ದಿಗಿಂತ ಮಾತಿನಲ್ಲಿ ಎಂಬುದನ್ನು ಇಷ್ಟರಮಟ್ಟಿಗೆ ಗೇಮ್ ಅರಿತಿದೆ.

ಉಳಿದ ಕಡೆ ಅದು ಮರೆತಿದೆ. ಕಾರು ಓಡಿಸುವ ಭಾಗಗಳು ಒರಟಾಗಿವೆ. ಗುಂಡಿನ ಕಾಳಗ ಆ ಕಾಲದ ಹತ್ತಾರು ಗೇಮ್‌ಗಳದ್ದೇ. ಇದಕ್ಕಿಂತ ದೊಡ್ಡ ತೊಡಕು ಸೋಲಿನದು. ಜ್ಯಾಕ್ ಸತ್ತರೆ ಅದೇ ಹಂತ ಮತ್ತೆ ಶುರುವಾಗುತ್ತದೆ, ಕಳೆದ ನಿಮಿಷಗಳು ವಾಪಸು ಬರುತ್ತವೆ. ಹಿಂದಕ್ಕೆ ಹೋಗದ ಗಡಿಯಾರವೇ ಧಾರಾವಾಹಿಯ ಜೀವ. ಗೇಮ್‌ನಲ್ಲಿ ಅದು ಬರೀ ಅಲಂಕಾರವಾಗುತ್ತದೆ.

ಹಳ್ಳಿಯ ನಾಟಕದಲ್ಲೂ ಪುನರಾವರ್ತನೆಯಿದೆ. ಶಕುನಿಯ ಪಾತ್ರಧಾರಿ ಚೆನ್ನಾಗಿ ಹಾಡಿದರೆ ಜನ 'ವನ್ಸ್‌ಮೋರ್' ಎಂದು ಕೂಗುತ್ತಾರೆ, ಅದೇ ಹಾಡು ಮತ್ತೆ ಬರುತ್ತದೆ. ಆದರೆ ಅದು ಗೆದ್ದವನಿಗೆ ಸಿಗುವ ಎರಡನೇ ಅವಕಾಶ. ಮಾತು ಮರೆತವನಿಗೆ ದೃಶ್ಯವನ್ನು ಮೊದಲಿಂದ ಆಡುವ ಸೌಕರ್ಯವಿಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು, ಪಕ್ಕದಿಂದ ಸಾಲು ಎತ್ತಿಕೊಟ್ಟು ದಾಟಿಸುತ್ತಾರೆ. ತಪ್ಪು ಆ ರಾತ್ರಿಯ ಆಟದೊಳಗೇ ಉಳಿಯುತ್ತದೆ. ಕತೆಯ ಕೊನೆ ಗೊತ್ತಿದ್ದರೂ ಈ ರಾತ್ರಿ ಇವನು ಹೇಗೆ ದಾಟುತ್ತಾನೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಕುತೂಹಲ ನಿಂತಿರುವುದು ಅಲ್ಲಿ.

ಗೇಮ್ ಈ ದಾರಿ ಹಿಡಿಯಬಹುದಿತ್ತು. ಶಂಕಿತ ಬಾಯಿ ಬಿಡದಿದ್ದರೆ ಆಟ ನಿಲ್ಲುವ ಬದಲು ಜ್ಯಾಕ್ ಸುಳಿವಿಲ್ಲದೆ, ತಡವಾಗಿ ಮುಂದಿನ ಗಂಟೆಗೆ ಕಾಲಿಡುವಂತೆ ಕತೆ ಹೆಣೆಯಬಹುದಿತ್ತು. ಕನ್ನಡದ ಪತ್ತೇದಾರಿ ಧಾರಾವಾಹಿಯೊಂದನ್ನು ಮುಂದೆ ಗೇಮ್ ಮಾಡಹೊರಡುವವರು ಮೊದಲು ಈ ಸೀಮೆಯ ಒಂದು ನಾಟಕವನ್ನು ಬೆಳಗಿನವರೆಗೆ ಕೂತು ನೋಡಲಿ.